ಭಾಗವತರ ಧ್ವನಿ ಕೊನೆಯ ಸಾಲಿಗೆ ತಲಪುವುದು ಹೇಗೆ?

ಕೊಯ್ಲು ಮುಗಿದು ಗದ್ದೆಗಳು ಒಣಗಿದ ಮೇಲೆ ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳಲ್ಲಿ ಯಕ್ಷಗಾನದ ಕಾಲ ಆರಂಭವಾಗುತ್ತದೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯನ್ನು ಸ್ಥಾಪಿಸಿದ್ದು ಈ ಹೊನ್ನಾವರ ತಾಲ್ಲೂಕಿನಲ್ಲಿಯೇ. ಹೆಸರಾಂತ ಮೇಳಗಳ ಮಾತು ಹಾಗಿರಲಿ. ಊರೂರುಗಳಲ್ಲಿ ಸಣ್ಣ ಹವ್ಯಾಸಿ ಮಂಡಳಿಗಳೂ ಉಂಟು. ಭಾಗವತರೊಬ್ಬರು, ಮದ್ದಳೆ ಚಂಡೆಗಳಿಗೆ ಒಬ್ಬೊಬ್ಬರು, ಎಂಟು ಹತ್ತು ವೇಷಧಾರಿಗಳು, ಒಂದು ಹಳೆಯ ಮೈಕ್ ಸೆಟ್ಟು - ಇಷ್ಟೇ ಅವುಗಳ ಬಂಡವಾಳ. ಆಟದ ನಡುವೆ ಹಿಂದಿನ ಸಾಲಿನಿಂದ 'ಕೇಳುವುದಿಲ್ಲ' ಎಂಬ ಕೂಗು ಬಂದಿತೆಂದರೆ ಮಂಡಳಿಯವರಿಗೆ ಹೊಳೆಯುವ ಉಪಾಯ ಒಂದೇ: ನೂರು ವಾಟಿನ ಆಂಪ್ಲಿಫೈಯರನ್ನು ಬಿಟ್ಟು ಇನ್ನೂರು ವಾಟಿನದನ್ನು ಕೊಳ್ಳುವುದು. ವರ್ಷವಿಡೀ ಕೂಡಿಸಿದ ವಂತಿಗೆಯ ಹಣ ಅದಕ್ಕೆ ಹೋಗುತ್ತದೆ. ಆ ಹಣ ಸಾರ್ಥಕವಾಗುವುದೇ?

ನಮ್ಮ ಕಿವಿ ತೀರ ವಿಚಿತ್ರವಾದ ಅಳತೆಗೋಲು. ಶಬ್ದದ ಶಕ್ತಿ ಇಮ್ಮಡಿಯಾದರೆ ಅದಕ್ಕೆ ಸದ್ದು ಇಮ್ಮಡಿಯಾದಂತೆ ತೋರುವುದಿಲ್ಲ. ಡೆಸಿಬೆಲ್ ಲೆಕ್ಕದಲ್ಲಿ ಶಕ್ತಿ ಎರಡರಷ್ಟಾಗುವುದೆಂದರೆ ಕೇವಲ 3 ಡೆಸಿಬೆಲ್ ಏರಿಕೆ. ಗಮನವಿಟ್ಟು ಕೇಳಿದವನಿಗೆ 'ತುಸು ಹೆಚ್ಚಿತು' ಎನಿಸುವಷ್ಟು. ಸದ್ದು ಎರಡರಷ್ಟಾಯಿತೆಂದು ಕಿವಿ ಒಪ್ಪಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು, ಎಂದರೆ ಶಕ್ತಿ ಹತ್ತು ಮಡಿಯಾಗಬೇಕು. ನೂರು ವಾಟಿನವರು ಸಾವಿರ ವಾಟಿಗೆ ಹೋಗಬೇಕಾಯಿತು!

ಈಗ ಖರ್ಚಿಲ್ಲದ ಒಂದು ಉಪಾಯವನ್ನು ನೋಡೋಣ. ಬಯಲಿನಲ್ಲಿ ಶಬ್ದದ ಮೂಲದಿಂದ ದೂರ ಇಮ್ಮಡಿಯಾದಾಗಲೆಲ್ಲ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ದೂರ ಅರ್ಧವಾದರೆ ಅಷ್ಟೇ ಏರುತ್ತದೆ. ಭಾಗವತರ ಬಾಯಿಗೂ ಮೈಕಿಗೂ 60 ಸೆಂಟಿಮೀಟರ್ ಅಂತರವಿದೆಯೆನ್ನಿ. ಅದನ್ನು 15 ಸೆಂಟಿಮೀಟರಿಗೆ ತಂದರೆ ಅಂತರ ಎರಡು ಸಲ ಅರ್ಧವಾದಂತಾಯಿತು. ಮೈಕಿಗೆ ಸಿಗುವ ಧ್ವನಿ 12 ಡೆಸಿಬೆಲ್ ಏರಿತು. ಆಂಪ್ಲಿಫೈಯರಿನಿಂದ ಈ ಲಾಭವನ್ನು ಪಡೆಯಬೇಕಾದರೆ ಹದಿನಾರು ಮಡಿ ವಾಟು ಬೇಕು. ಇನ್ನೂ ಒಂದು ಪ್ರಯೋಜನವುಂಟು. ಪಕ್ಕದ ಚಂಡೆಯ ದೂರ ಹೆಚ್ಚು ಕಡಮೆ ಮೊದಲಿನಷ್ಟೇ ಇರುವುದರಿಂದ, ಭಾಗವತರ ಮೈಕಿನಲ್ಲಿ ಚಂಡೆಗೆ ಹೋಲಿಸಿದರೆ ಪದ್ಯವೇ ಮೇಲಾಗುತ್ತದೆ. ಮದ್ದಳೆ ಚಂಡೆಗಳ ಮೇಲೆ ಧ್ವನಿಯನ್ನೇರಿಸಿ ಹಾಡಿ ಹಾಡಿ ಗಂಟಲು ಕಟ್ಟಿಸಿಕೊಳ್ಳುವ ಭಾಗವತರಿಗೆ ಇದು ಸಣ್ಣ ಉಪಕಾರವಲ್ಲ. ಮೈಕು ಬಾಯಿಗೆ ತೀರ ಎದುರಾಗಿದ್ದರೆ 'ಪ', 'ಬ'ಗಳಲ್ಲಿ ಉಸಿರು ಅಪ್ಪಳಿಸುತ್ತದೆ. ತುಸು ಓರೆಯಾಗಿಟ್ಟು ಸ್ಪಂಜಿನ ಟೊಪ್ಪಿಗೆ ಹಾಕಿದರೆ ಸಾಕು.

ಮೈಕು 'ಕುಂಯ್' ಎಂದು ಕೂಗುವುದನ್ನು ವಾಚಕರೆಲ್ಲರೂ ಕೇಳಿದ್ದಾರೆ. ಇದಕ್ಕೆ ಕಾರಣವನ್ನು ವಿವರಿಸಿದ ಡೆನ್ಮಾರ್ಕಿನ ಭೌತವಿಜ್ಞಾನಿ ಸೋರೆನ್ ಲಾರ್ಸೆನ್‌ನ ಹೆಸರಿನಿಂದಲೇ ಇದನ್ನು ಲಾರ್ಸೆನ್ ಪರಿಣಾಮ ಎನ್ನುತ್ತಾರೆ. ಸ್ಪೀಕರಿನಿಂದ ಹೊರಟ ಶಬ್ದದ ಒಂದು ಪಾಲು ಮೈಕಿಗೆ ಮರಳುತ್ತದೆ. ಮೈಕಿನಿಂದ ಆಂಪ್ಲಿಫೈಯರಿಗೆ, ಅಲ್ಲಿಂದ ಮತ್ತೆ ಸ್ಪೀಕರಿಗೆ. ಹೀಗೆ ಒಂದು ಸುತ್ತು ಬಂದ ಶಬ್ದ ಹೊರಟಾಗಿನಷ್ಟೇ, ಇಲ್ಲವೆ ಅದಕ್ಕಿಂತ ಹೆಚ್ಚು ಬಲದಿಂದ ತಾಳ ತಪ್ಪದೆ ಮರಳಿತೆಂದರೆ ಸುತ್ತು ಸುತ್ತಿಗೂ ಬೆಳೆಯುತ್ತ ಕೂಗಾಗುತ್ತದೆ. ನಮ್ಮ ಪ್ರಶ್ನೆಗೆ ಮುಖ್ಯ ಉತ್ತರ ಇಲ್ಲಿಯೇ ಇದೆ. ಕೂಗು ಹುಟ್ಟುವುದು ಈ ಸುತ್ತಿನ ಒಟ್ಟು ವರ್ಧನೆಯಿಂದ, ಆಂಪ್ಲಿಫೈಯರಿನ ಗಾತ್ರದಿಂದಲ್ಲ. ಹಳೆಯ ಸೆಟ್ಟು ಯಾವ ಸದ್ದಿನಲ್ಲಿ ಕೂಗುತ್ತಿತ್ತೋ, ಮೈಕು ಸ್ಪೀಕರುಗಳನ್ನು ಇದ್ದಲ್ಲಿಯೇ ಇಟ್ಟರೆ ಹೊಸದೂ ಅದೇ ಸದ್ದಿನಲ್ಲಿ ಕೂಗುತ್ತದೆ. ಕೊಂಡ ವಾಟುಗಳು ಪೆಟ್ಟಿಗೆಯೊಳಗೇ ಉಳಿಯುತ್ತವೆ.

ಆದುದರಿಂದ ಸ್ಪೀಕರುಗಳು ರಂಗಸ್ಥಳಕ್ಕಿಂತ ಮುಂದೆ, ಎಲ್ಲ ಮೈಕುಗಳಿಗೂ ಬೆನ್ನು ಮಾಡಿ ನಿಲ್ಲಬೇಕು. ಎರಡನೆಯದಾಗಿ, ಮುಂದಿನ ಶಬ್ದವನ್ನು ಹೆಚ್ಚಾಗಿಯೂ ಹಿಂದಿನದನ್ನು ತೀರ ಕಡಮೆಯಾಗಿಯೂ ಹಿಡಿಯುವ ಮೈಕುಗಳಿವೆ. ಅವು ಶಬ್ದ ಹಿಡಿಯುವ ನಕ್ಷೆ ಹೃದಯದ ಆಕಾರದಲ್ಲಿರುವುದರಿಂದ ಅವಕ್ಕೆ 'ಕಾರ್ಡಿಯಾಯ್ಡ್' ಎಂಬ ಹೆಸರು. ಹಣವಿದ್ದರೆ ಮೊದಲು ಕೊಳ್ಳಬೇಕಾದದ್ದು ಭಾಗವತರಿಗೆ ಇಂಥದೊಂದನ್ನು. ಬಾಯಿಗೆ ಹತ್ತಿರ ತಂದಾಗ ಅದು ತಗ್ಗು ಸ್ವರಗಳನ್ನು ಉಬ್ಬಿಸುತ್ತದೆ. ಆಗ ಬಾಸ್ ತಿರುಗಣೆಯನ್ನು ತುಸು ಇಳಿಸಬೇಕು. ಇನ್ನು ವೇಷಧಾರಿಗಳ ಮಾತಿಗಾಗಿ ಮೇಲಿನಿಂದ ಇಳಿಬಿಟ್ಟ ಮೈಕುಗಳ ವಿಷಯ. ತೆರೆದಿಟ್ಟ ಮೈಕುಗಳ ಸಂಖ್ಯೆ ಇಮ್ಮಡಿಯಾದಾಗಲೆಲ್ಲ ಕೂಗಿನ ಅಂಚು ಸುಮಾರು 3 ಡೆಸಿಬೆಲ್ ಹತ್ತಿರ ಬರುತ್ತದೆ. ನಾಲ್ಕನ್ನೂ ರಾತ್ರಿಯಿಡೀ ತೆರೆದಿಡುವ ಬದಲು, ಮಾತಾಡುತ್ತಿರುವ ವೇಷದ ಬಳಿಯಿರುವುದನ್ನು ಮಾತ್ರ ತೆರೆಯಬೇಕು. ಮೈಕ್ ಸೆಟ್ಟಿನವನು ನಿದ್ದೆ ಮಾಡದೆ ಪ್ರಸಂಗವನ್ನು ಬಲ್ಲವನಾಗಿದ್ದರೆ ಇದು ಸಾಧ್ಯ. ಅಂಥವರು ಅಪರೂಪವೆಂಬುದು ನಮ್ಮ ಅನುಭವ.

ಸ್ಪೀಕರುಗಳಲ್ಲಿಯೂ ತಾರತಮ್ಯವುಂಟು. ಒಂದು ವಾಟಿಗೆ ಒಂದು ಮೀಟರ್ ದೂರದಲ್ಲಿ 90 ಡೆಸಿಬೆಲ್ ಕೊಡುವ ಸ್ಪೀಕರನ್ನು ಬಿಟ್ಟು 99 ಕೊಡುವುದನ್ನು ತಂದರೆ, ವಾಟುಗಳು ಎಂಟು ಮಡಿಯಾದಂತೆಯೇ ಸರಿ. ಅಂಗಡಿಯಲ್ಲಿ ವಾಟನ್ನು ಮಾತ್ರ ವಿಚಾರಿಸುವವರು ಈ ಸಂಖ್ಯೆಯನ್ನು ಕೇಳುವುದೇ ಇಲ್ಲ. ಕಹಳೆಯಂಥ ಹಳೆಯ ಹಾರ್ನುಗಳು ಈ ದೃಷ್ಟಿಯಿಂದ ಬಹಳ ದಕ್ಷವಾದುವು, ಆದರೆ ತಗ್ಗು ಸ್ವರಗಳು ಅವುಗಳಿಂದ ಹೊರಡುವುದಿಲ್ಲ. ಮದ್ದಳೆಯ ಗುಂಭ ಅಲ್ಲಿ ಸತ್ತೇ ಹೋಗುತ್ತದೆ.

ಮಾತು ತಿಳಿಯುವುದು ಮುಖ್ಯವಾಗಿ ವ್ಯಂಜನಗಳಿಂದ. ಅವುಗಳನ್ನು ಗುರುತಿಸಲು ನೆರವಾಗುವ ಶಬ್ದ ಬಹುಮಟ್ಟಿಗೆ ಸೆಕೆಂಡಿಗೆ 1,000ಕ್ಕೂ ಮೇಲ್ಪಟ್ಟ ಕಂಪನಗಳಲ್ಲಿದೆ. 'ಸ'ಕಾರದ್ದು 4,000ವನ್ನೂ ಮೀರುತ್ತದೆ. ಇಂಥ ಕಿರಿಯ ಅಲೆಗಳು ಅಡ್ಡ ಬಂದ ತಲೆಗಳನ್ನು ಬಳಸಿ ಹೋಗಲಾರವು. ಸ್ಪೀಕರು ನೆಲದ ಮೇಲಿದ್ದರೆ ಮುಂದಿನವರ ಮೈಗೇ ಅವು ಇಂಗಿಹೋಗುತ್ತವೆ. ಅದನ್ನು ಮೂರು ನಾಲ್ಕು ಮೀಟರ್ ಎತ್ತರಕ್ಕೇರಿಸಿ ಮುಖವನ್ನು ಕೊನೆಯ ಸಾಲಿನತ್ತ ಬಾಗಿಸಬೇಕು. ಬಯಲು ಉದ್ದವಾಗಿದ್ದರೆ ನಡುವೆ ಇನ್ನೊಂದು ಜೊತೆ ಸ್ಪೀಕರುಗಳನ್ನು ನಿಲ್ಲಿಸುವುದೂ ಉಂಟು. ಆದರೆ ಬೆಚ್ಚನೆಯ ಕರಾವಳಿಯ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 347 ಮೀಟರ್. 20 ಮೀಟರ್ ಕ್ರಮಿಸಲು ಅದಕ್ಕೆ ಸೆಕೆಂಡಿನ ಹದಿನೇಳನೆಯ ಒಂದು ಭಾಗ ಬೇಕು. ವಿದ್ಯುತ್ತಿಗೆ ಆ ವಿಳಂಬವಿಲ್ಲ. ಹೀಗಾಗಿ ಹಿಂದಿನವರಿಗೆ ಒಂದೇ ಮಾತು ಎರಡು ಸಲ ಕೇಳಿ ಗೊಂದಲವಾಗುತ್ತದೆ. ಈಗಿನ ಡಿಜಿಟಲ್ ಮಿಕ್ಸರುಗಳಲ್ಲಿ ನಡುವಿನ ಸ್ಪೀಕರನ್ನು ಅಷ್ಟೇ ಕಾಲ, ಮೇಲೆ ಸೆಕೆಂಡಿನ ನೂರನೆಯ ಒಂದು ಭಾಗ ತಡೆಹಿಡಿಯಬಹುದು. ಮೊದಲು ಬಂದ ಶಬ್ದದ ದಿಕ್ಕನ್ನೇ ಕಿವಿ ನಂಬುತ್ತದೆಂದು ಹೆಲ್ಮುಟ್ ಹಾಸ್ 1951ರಲ್ಲಿ ತೋರಿಸಿದ್ದಾನೆ. ಆಗ ಪದ್ಯ ರಂಗಸ್ಥಳದಿಂದಲೇ ಬಂದಂತೆ ಕೇಳುತ್ತದೆ.

ಸದ್ದನ್ನು ಮಿತಿಮೀರಿ ಏರಿಸಲು ಕಾನೂನೂ ಬಿಡದು. 2000ದ ಶಬ್ದಮಾಲಿನ್ಯ ನಿಯಮಗಳಂತೆ ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ನಿಷಿದ್ಧ. ವರ್ಷಕ್ಕೆ 15 ದಿನ ಮೀರದಂತೆ ರಾತ್ರಿ 12ರವರೆಗೆ ಸಡಿಲಿಸಲು ರಾಜ್ಯ ಸರ್ಕಾರಕ್ಕೆ ಅಧಿಕಾರವಿದೆ. ರಾತ್ರಿ ನೆಲ ತಣ್ಣಗಾದಾಗ ಕೆಳಗಿನ ಗಾಳಿ ಮೇಲಿನದಕ್ಕಿಂತ ತಂಪಾಗಿ, ಶಬ್ದ ನೆಲದತ್ತ ಬಾಗಿ ಆಚೆಯ ಕೇರಿಗಳಿಗೂ ತಲಪುತ್ತದೆಂಬುದನ್ನು ನೆನೆದರೆ ಈ ನಿರ್ಬಂಧದ ಅರ್ಥ ತಿಳಿಯುತ್ತದೆ.

ಸುಧಾರಣೆ ಎಷ್ಟಾಯಿತೆಂದು ಅಳೆಯಲು ಉಪಕರಣ ಬೇಡ. ದೂರವಾಣಿಯನ್ನು ಪರೀಕ್ಷಿಸಲು ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಹಾರ್ವೆ ಫ್ಲೆಚರ್ ಮೊದಲಾದವರು ಬಳಸಿದ ವಿಧಾನವನ್ನೇ ವಿದ್ಯಾರ್ಥಿಗಳು ಅನುಸರಿಸಬಹುದು. ಕಾಲು, ಪಾಲು, ಸಾಲು, ಹಾಲು. ಕಡಿ, ತಡಿ, ಪಡಿ, ಸಿಡಿ - ಇಂಥ ಐವತ್ತು ಮಾತುಗಳನ್ನು ಕ್ರಮಗೆಡಿಸಿ ಒಬ್ಬನು ಮೈಕಿನಲ್ಲಿ ಓದಲಿ. ಕೊನೆಯ ಸಾಲಿನಲ್ಲಿ ಕುಳಿತ ನಾಲ್ವರು ತಮಗೆ ಕೇಳಿದ್ದನ್ನು ಬರೆದುಕೊಳ್ಳಲಿ. ಸರಿಯಾದುವನ್ನು ಎಣಿಸಿ, ಮೈಕನ್ನು ಸರಿಸಿ, ಸ್ಪೀಕರನ್ನು ಏರಿಸಿ, ಬೇರೆ ಕ್ರಮದಲ್ಲಿ ಮತ್ತೆ ಓದಿಸಿ. ಚಂಡೆಯವರನ್ನೂ ಬಾರಿಸಲು ಹೇಳಿ ಮೂರನೆಯ ಸಲ ಓದಿಸಿದರೆ ಇನ್ನೂ ಒಳ್ಳೆಯದು.