ಗಂಡ ಬಿಟ್ಟವಳಿಗೆ ಯಾವ ಮಾಸಾಶನ?

ನಂಜನಗೂಡಾಗಲಿ, ತಿ. ನರಸೀಪುರವಾಗಲಿ, ನಾಡಕಚೇರಿಯಲ್ಲಿ ವಿಧವಾ ವೇತನಕ್ಕೆ ಅರ್ಜಿ ಕೊಡಲು ಗಂಡನ ಮರಣ ಪ್ರಮಾಣಪತ್ರ ಬೇಕು. 1984ರಲ್ಲಿ ಆರಂಭವಾದ ಈ ಮಾಸಾಶನ 2021ರಲ್ಲಿ 600ರಿಂದ 800 ರೂಪಾಯಿಗೆ ಏರಿತು. 2013ರ ಮನಸ್ವಿನಿ ಯೋಜನೆ 40 ದಾಟಿದ ಬಡ ಅವಿವಾಹಿತೆಯರಿಗೆ, ವಿಚ್ಛೇದಿತೆಯರಿಗೆ.

ಹಾಗಾದರೆ ಮಕ್ಕಳನ್ನು ಮಡಿಲಿಗೆ ಹಾಕಿ ಹೊರಟುಹೋದವನ ಹೆಂಡತಿಯ ಗತಿ? ಆಕೆಯ ಕೈಯಲ್ಲಿ ಮರಣಪತ್ರವೂ ಇಲ್ಲ, ವಿಚ್ಛೇದನದ ತೀರ್ಪೂ ಇಲ್ಲ. ಕಾಗದದ ಮಟ್ಟಿಗೆ ಅವಳು ಮುತ್ತೈದೆ!

2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಪಡೆದ ಗೃಹಲಕ್ಷ್ಮಿ ಯೋಜನೆಯಲ್ಲಿ ಪಡಿತರ ಚೀಟಿಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ. ಇಲ್ಲೂ ಒಂದು ತೊಡಕು: ತವರಿಗೆ ಮರಳಿದವಳ ಹೆಸರು ತಾಯಿಯ ಚೀಟಿಗೆ ಸೇರಿದರೆ ಯಜಮಾನಿ ತಾಯಿ, ಗಂಡನ ಮನೆಯದರಲ್ಲೇ ಉಳಿದರೆ ಅತ್ತೆ. ಹಣ ಕೈಸೇರಬೇಕಾದರೆ ಮೊದಲು ಅವಳದೇ ಹೆಸರಿನ ಚೀಟಿಯಾಗಬೇಕು.