ಮೂರು ಊರುಗಳ ಗುಲಾಬಿ

ವಸಂತವನ್ನು ಬಣ್ಣಿಸದೆ ನಮ್ಮ ಹಳೆಯ ಕವಿಗಳ ಕಾವ್ಯ ಮುಂದೆ ಸಾಗುತ್ತಿರಲಿಲ್ಲ. ಮಹಾಕಾವ್ಯಕ್ಕೆ ವಿಧಿಸಿದ ಹದಿನೆಂಟು ವರ್ಣನೆಗಳಲ್ಲಿ ಋತುವರ್ಣನೆಯೂ ಒಂದು. ಕಡೂರು ತಾಲ್ಲೂಕಿನ ದೇವನೂರಿನವನೆಂದು ಪ್ರಸಿದ್ಧನಾದ ಲಕ್ಷ್ಮೀಶನಿಗಂತೂ 'ಕರ್ಣಾಟ ಕವಿಚೂತವನ ಚೈತ್ರ'ನೆಂಬ ಬಿರುದೇ ಇದೆ; ಕನ್ನಡ ಕವಿಗಳೆಂಬ ಮಾವಿನ ತೋಪಿಗೆ ಈತನೇ ಚೈತ್ರಮಾಸ. ಮಳೆಯ ನೆರಳಿಗೆ ಸಿಕ್ಕಿದ ಬಯಲುಸೀಮೆಯ ಕವಿಗೆ ಇಂಥ ಹೆಸರು ಒಪ್ಪಿತಲ್ಲ ಎಂದು, ಜೈಮಿನಿ ಭಾರತವನ್ನು ಪಾಠ ಹೇಳುವಾಗಲೆಲ್ಲ ನನಗೆ ಸೋಜಿಗವಾಗುತ್ತಿತ್ತು.

ಆ ಕಾವ್ಯಗಳ ವಸಂತದಲ್ಲಿ ಮಾವು, ಮಲ್ಲಿಗೆ, ಸುರಗಿ, ಸಂಪಿಗೆಗಳುಂಟು. ಗುಲಾಬಿಯನ್ನು ಕಂಡ ನೆನಪು ನನಗಿಲ್ಲ. ಅದರ ಹೆಸರೇ ಪಾರಸಿಯದು. ಗುಲ್ ಎಂದರೆ ಹೂ, ಆಬ್ ಎಂದರೆ ನೀರು. ಹೆಸರಿನಲ್ಲಿಯೇ ನೀರನ್ನು ಕಟ್ಟಿಕೊಂಡು ಬಂದ ಈ ಅತಿಥಿಯನ್ನು ಕಡೂರಿನ ಬಿಸಿಲಿನಲ್ಲಿ ಸಾಕುವ ಹಂಬಲ ನಮ್ಮ ತಾಯಿಯದು. ಹಿತ್ತಿಲಿನಲ್ಲಿ ದಾಸವಾಳ, ಕನಕಾಂಬರ, ದುಂಡುಮಲ್ಲಿಗೆಗಳ ನಡುವೆ ಒಂದು ಪನ್ನೀರು ಗುಲಾಬಿ. ಅಕ್ಕಿ ತೊಳೆದ ಅಕ್ಕಚ್ಚು ಬೇರೆ ಯಾವ ಗಿಡಕ್ಕೂ ಸಲ್ಲದು. ಅದರ ಪಾತಿಗೇ ಮೀಸಲು.

ಗುಲಾಬಿಯ ಬಾಳು ಕತ್ತರಿಯನ್ನು ನಂಬಿದ್ದು. ನಮ್ಮ ಕಡೆ ಮಳೆ ಹಿಂದೆಗೆದ ಮೇಲೆ, ಆಶ್ವೀಜ ಕಾರ್ತಿಕಗಳಲ್ಲಿ, ಒಣಗಿದ ಹಾಗೂ ಹೆಣೆದುಕೊಂಡ ರೆಂಬೆಗಳನ್ನು ಸವರುತ್ತಾರೆ. ಸುಮಾರು ಒಂದೂವರೆ ತಿಂಗಳಿಗೆ ಹೊಸ ಚಿಗುರಿನ ತುದಿಯಲ್ಲಿ ಮೊಗ್ಗು ಮೂಡುತ್ತದೆ. ಸವರಿದ ಕಡ್ಡಿಯೂ ವ್ಯರ್ಥವಲ್ಲ. ಬಲಿತ ಕಡ್ಡಿಯನ್ನು ಗಿಣ್ಣಿನ ಕೆಳಗೆ ಓರೆಯಾಗಿ ಕೊಯ್ದು ನೆಟ್ಟರೆ ಪನ್ನೀರು ಗುಲಾಬಿ ತನ್ನ ಬೇರಿನ ಮೇಲೆಯೇ ನಿಲ್ಲುತ್ತದೆ. ಕಸಿ ಕಟ್ಟಿದ ದೊಡ್ಡ ಹೂವಿನ ಜಾತಿಗಳು ಹೀಗಲ್ಲ. ಮೇಲಿನ ಕಸಿ ಸತ್ತರೆ ಕೆಳಗಿನಿಂದ ಚಿಗುರುವುದು ಬೇರೆಯದೇ ಗಿಡ.

2023ರಲ್ಲಿ ಮುಂಗಾರು ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದುವು. ಆ ದೀಪಾವಳಿಗೆ ತವರಿಗೆ ಬಂದ ನನ್ನ ಅಕ್ಕನಿಗೂ ತಂಗಿಗೂ ಅಮ್ಮ ಅರಿಸಿನ ಕುಂಕುಮದೊಡನೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಗುಲಾಬಿ ಕಡ್ಡಿಗಳನ್ನು ಕೊಟ್ಟಳು. ಬೀರೂರಿನಲ್ಲಿ ರೈಲುದಾರಿ ಕವಲೊಡೆಯುತ್ತದೆ. ಅಕ್ಕನ ಕಡ್ಡಿ ತರೀಕೆರೆಗೆ ಹೋಯಿತು, ತಂಗಿಯದು ಅಜ್ಜಂಪುರಕ್ಕೆ.

ಮುಂದಿನ ಬೇಸಗೆಯಲ್ಲಿ ನಮ್ಮ ಕೊಳವೆಬಾವಿ ಬತ್ತಿತು. ಬೀದಿಗೆ ಟ್ಯಾಂಕರು ಬಂದಾಗ ಕೊಡಗಳ ಸಾಲು ನಿಲ್ಲುತ್ತಿತ್ತು.

"ಮನುಷ್ಯರಿಗೇ ನೀರಿಲ್ಲದಾಗ ಹೂವಿಗೆ ಎಲ್ಲಿಂದ ತರುವುದಮ್ಮ?" ಎಂದೆ.

"ನನ್ನ ಪಾಲಿನದನ್ನು ಹಾಕುತ್ತೇನೆ. ನಿನ್ನದನ್ನು ಕೇಳಿದೆನೇನಪ್ಪ?" ಎಂದಳು.

ನನಗೆ ಮರುಮಾತು ಹೊಳೆಯಲಿಲ್ಲ. ಆದರೆ ಒಂದು ದಿನ ಎದುರುಮನೆಯ ಹೆಣ್ಣುಮಗಳು ಬರಿಯ ಕೊಡ ಹೊತ್ತು ಹಿಂದಿರುಗಿದುದನ್ನು ಅಮ್ಮ ಕಂಡಳು. ತನ್ನ ಕೊಡವನ್ನು ಅವಳ ಕೊಡಕ್ಕೆ ಬಗ್ಗಿಸಿದಳು. ಅಂದಿನಿಂದ ಅಕ್ಕಚ್ಚೂ ಪಾತಿಗೆ ಹೋಗದೆ ಪಕ್ಕದ ಮನೆಯ ಹಸುವಿನ ಕಲಗಚ್ಚಿಗೆ ಸೇರಿತು. ಗುಲಾಬಿ ಒಣಗಿತು. ಬೈಗಿನ ಹೊತ್ತು ಅಮ್ಮ ಹಿತ್ತಿಲ ಕಡೆ ಹೋಗುವುದನ್ನೇ ಬಿಟ್ಟಳು. ಗೆದ್ದ ವಾದ ಇಷ್ಟು ಕಹಿಯಾಗಿರಬಹುದೆಂದು ನಾನು ತಿಳಿದಿರಲಿಲ್ಲ.

2024ರ ಮಳೆಗಾಲ ಕೈಬಿಡಲಿಲ್ಲ. ಅಜ್ಜಂಪುರದ ಎರೆಮಣ್ಣು ನೀರನ್ನು ಬಿಗಿಹಿಡಿಯುವ ಮಣ್ಣು. ತಂಗಿಯ ಗಿಡದ ಬೇರು ಆ ತೇವದಲ್ಲಿ ಕೊಳೆತುಹೋಯಿತು. ಕೆಮ್ಮಣ್ಣುಗುಂಡಿಯ ಗುಲಾಬಿ ತೋಟವಿರುವುದು ತರೀಕೆರೆ ತಾಲ್ಲೂಕಿನಲ್ಲಿಯೇ. ಅಕ್ಕನ ಗಿಡವೂ ಆ ನೆರೆಯ ಮರ್ಯಾದೆಯನ್ನು ಕಾಯ್ದಿತು. ನೀರು ಬಸಿದುಹೋಗುವ ಕೆಂಪುಮಣ್ಣಿನಲ್ಲಿ, ಎಲೆಗೆ ಕಪ್ಪುಚುಕ್ಕೆ ಬಿದ್ದರೂ, ಬದುಕಿತು. ಆ ಕಾರ್ತಿಕದಲ್ಲಿ ಅದನ್ನು ಸವರಿದ ಕಡ್ಡಿಗಳು ಒಂದು ಕಟ್ಟಾಗಿ ಕಡೂರಿಗೂ ಒಂದು ಕಟ್ಟಾಗಿ ಅಜ್ಜಂಪುರಕ್ಕೂ ಬಂದುವು. ತಂಗಿ ಈ ಸಲ ಮರಳು ಗೊಬ್ಬರ ಬೆರೆಸಿ, ದಿಬ್ಬ ಮಾಡಿ ನೆಟ್ಟಳು.

2025ರ ಯುಗಾದಿಗೆ ದಾರಿಯ ಮುತ್ತುಗಗಳು ಕೆಂಪು ಸುರಿಸಿ ಮುಗಿಸಿದ್ದುವು. ಬೇವು ಹೂಬಿಟ್ಟಿತ್ತು. ಹೂಮಳೆ ಬಿದ್ದ ಎಂಟು ಹತ್ತು ದಿನಗಳಲ್ಲಿ ಬಾಬಾಬುಡನ್ ಗಿರಿಯ ಕಾಫಿತೋಟಗಳು ಬೆಳ್ಳಗಾಗುವ ಕಾಲ. ನಮ್ಮ ಹಿತ್ತಿಲಿನಲ್ಲಿ ಮೊಣಕಾಲೆತ್ತರದ ಗಿಡದ ಮೇಲೆ ಒಂದೇ ಒಂದು ಪನ್ನೀರು ಗುಲಾಬಿ ಅರಳಿತ್ತು. ಅಮ್ಮ ಅದನ್ನು ಕೀಳಲಿಲ್ಲ. ದೇವರಿಗೆ ಮಲ್ಲಿಗೆಯನ್ನೇ ಏರಿಸಿದಳು. ಎದುರುಮನೆಯ ಹೆಣ್ಣುಮಗಳನ್ನು ಕರೆದು, "ಬರುವ ಕಾರ್ತಿಕಕ್ಕೆ ನಿನಗೂ ಒಂದು ಕಡ್ಡಿ ಕೊಡುತ್ತೇನೆ ಕಣಮ್ಮ" ಎಂದಳು.

ಬಯಲುಸೀಮೆಯಲ್ಲಿ ವಸಂತವೆಂಬುದು ತಾನಾಗಿ ಬರುವ ಋತುವಲ್ಲ. ಒಬ್ಬರ ಹಿತ್ತಿಲಿನಿಂದ ಇನ್ನೊಬ್ಬರ ಹಿತ್ತಿಲಿಗೆ ಅದನ್ನು ದಾಟಿಸಿ ಉಳಿಸಿಕೊಳ್ಳಬೇಕು. ದೇವನೂರಿನ ಕವಿಯ ಬಿರುದು ಈಗ ನನಗೆ ಸೋಜಿಗವಾಗಿ ತೋರುವುದಿಲ್ಲ.