ಮರಳಿನಲ್ಲಿ ಕುಪ್ಪಳಿಸುವ ಚಕ್ರ

ಮರಳಿನ ದಿಣ್ಣೆಯನ್ನೇರುತ್ತಿರುವ ಲಾರಿಯ ಹಿಂದಿನ ಚಕ್ರಗಳು ಹಠಾತ್ತನೆ ಧಡಧಡ ಕುಪ್ಪಳಿಸತೊಡಗಿ, ಚಾಲಕನ ಆಸನದಿಂದ ಹಿಂಬದಿಯ ಹಲಗೆಯವರೆಗೆ ಇಡೀ ವಾಹನವೇ ನಡುಗಿದಾಗ, ಅನುಭವವಿಲ್ಲದವನಿಗೆ ಮೊದಲು ತೋಚುವುದು ಆಕ್ಸಿಲರೇಟರನ್ನು ಇನ್ನಷ್ಟು ತುಳಿಯುವುದು. ಆ ಕ್ಷಣದಲ್ಲಿ ಅದಕ್ಕಿಂತ ಹಾನಿಕರವಾದ ಕಾರ್ಯ ಬೇರೊಂದಿಲ್ಲ.

ಈ ಉಪದ್ರವದ ಮೂಲವಿರುವುದು ಹಿಂದಿನ ಅಚ್ಚನ್ನು ಹಿಡಿದಿರುವ ಕಮಾನುಪಟ್ಟಿಗಳಲ್ಲಿ. ಇಂಜಿನ್ನು ಚಕ್ರವನ್ನು ಮುಂದಕ್ಕೆ ತಿರುಗಿಸುವಾಗ, ಅದರ ಪ್ರತಿಕ್ರಿಯೆಯಾಗಿ ಅಚ್ಚಿನ ಕವಚವು ವಿರುದ್ಧ ದಿಕ್ಕಿಗೆ ಹೊರಳಲು ಹವಣಿಸುತ್ತದೆ. ಆ ಒತ್ತಡಕ್ಕೆ ಸಿಕ್ಕಿದ ಪಟ್ಟಿಯ ಮುಂಭಾಗ ಮೇಲಕ್ಕೂ ಹಿಂಭಾಗ ಕೆಳಕ್ಕೂ ಡೊಂಕಾಗಿ, ಹೆದೆಯೇರಿಸಿದ ಬಿಲ್ಲಿನಂತೆ ಶಕ್ತಿಯನ್ನು ತನ್ನಲ್ಲಿ ಸಂಚಯಿಸಿಕೊಳ್ಳುತ್ತದೆ. ಟೈರಿನ ಹಿಡಿತ ತಪ್ಪಿದೊಡನೆ ಆ ಶಕ್ತಿ ಒಮ್ಮೆಗೇ ಬಿಡುಗಡೆಯಾಗಿ ಚಕ್ರವು ಮೇಲಕ್ಕೆ ನೆಗೆಯುತ್ತದೆ. ಕೆಳಗೆ ಬಿದ್ದು ಪುನಃ ಮರಳನ್ನು ಕಚ್ಚಿದೊಡನೆ ಪಟ್ಟಿ ಪುನಃ ಡೊಂಕಾಗುತ್ತದೆ. ಒಂದು ಕ್ಷಣದೊಳಗೆ ಹಲವು ಬಾರಿ ಹೀಗಾಗುವುದರಿಂದ, ಚಕ್ರವು ತಾನು ತೋಡಿದ ಗುಂಡಿಯನ್ನೇ ಆಳಗೊಳಿಸುತ್ತ ಹೋಗುತ್ತದೆ. ಪ್ರತಿ ಸಲ ನೆಲ ಮುಟ್ಟಿದಾಗಲೂ ಆಘಾತವೆಲ್ಲ ಆಕ್ಸೆಲ್ ದಂಡಕ್ಕೂ, ಇಂಜಿನ್ನಿನ ಶಕ್ತಿಯನ್ನು ಅಚ್ಚಿಗೆ ಒಯ್ಯುವ ದಂಡದ ಕಾರ್ಡನ್ ಕೀಲಿಗೂ ಬಡಿಯುತ್ತದೆ. ಬರಿದಾದ ಲಾರಿಯಲ್ಲಿ, ಹಿಂದಿನ ಚಕ್ರಗಳ ಮೇಲೆ ಭಾರ ಸಾಲದಿರುವ ಕಾರಣ, ಈ ಕುಣಿತ ಇನ್ನೂ ಉಗ್ರ.

ಬಲಕ್ಕಿಂತ ಮರಳಿನ ಅರಿವು ಹೆಚ್ಚು ಉಪಕಾರಿ ಎಂಬುದಕ್ಕೆ ಹಳೆಯ ನಿದರ್ಶನವೊಂದಿದೆ. ಈಜಿಪ್ಟಿನ ಪಶ್ಚಿಮ ಭಾಗದಲ್ಲಿರುವ ಮಹಾ ಮರಳುಸಾಗರವನ್ನು 1930ರಲ್ಲಿ ಫೋರ್ಡ್ ಮೋಟಾರುಗಳೊಡನೆ ಪ್ರವೇಶಿಸಿದ ಬ್ರಿಟಿಷ್ ಸೇನಾಧಿಕಾರಿ ರಾಲ್ಫ್ ಬ್ಯಾಗ್ನಾಲ್ಡರ ಬಳಿ ನಾಲ್ಕು ಚಕ್ರಕ್ಕೂ ಶಕ್ತಿಯೂಡುವ ಯಂತ್ರವಿರಲಿಲ್ಲ. 1940ರಲ್ಲಿ ಅವರು ಕಟ್ಟಿದ ಮರುಭೂಮಿ ದಳದ ಶೆವ್ರೊಲೆ ಲಾರಿಗಳಿಗೂ ಹಿಂದಿನ ಚಕ್ರಗಳೇ ಆಧಾರ. ಟೈರಿನ ಗಾಳಿಯನ್ನು ಇಳಿಸುವುದು, ಹೂತ ಚಕ್ರದಡಿಗೆ ಹಾಸಲು ಉಕ್ಕಿನ ತಗಡುಗಳನ್ನು ಒಯ್ಯುವುದು, ದಿಣ್ಣೆಯ ಯಾವ ಮೈ ಗಟ್ಟಿ, ಯಾವುದು ಸಡಿಲ ಎಂಬುದನ್ನು ಮೊದಲೇ ಅರಿಯುವುದು, ಇವೇ ಅವರ ಸಾಧನಗಳು. ಗಾಳಿಗೆ ಎದುರಾದ ಇಳಿಜಾರಿನಲ್ಲಿ ಕಣಗಳು ಒತ್ತಾಗಿ ಕೂಡಿರುತ್ತವೆ, ಮರೆಯ ಕಡಿದಾದ ಮುಖದಲ್ಲಿ ಮರಳು ಕುಸಿಯುತ್ತದೆ. ಬಲಪ್ರಯೋಗಕ್ಕೆ ಮೊದಲು ಮರಳಿನ ಸ್ವಭಾವವನ್ನು ಪರಿಶೀಲಿಸಿದ ಆ ಶ್ರದ್ಧೆಯೇ 1941ರಲ್ಲಿ ಗಾಳಿ ಹೊಯ್ದ ಮರಳನ್ನು ಕುರಿತ ಅವರ ಪ್ರಸಿದ್ಧ ಭೌತಶಾಸ್ತ್ರ ಗ್ರಂಥವಾಯಿತು. ಅದರ ಬಗೆಗೆ ನನಗಿರುವ ಗೌರವ ಅಪಾರ.

ಕುಪ್ಪಳಿಕೆ ಆರಂಭವಾದೊಡನೆ ಪಾದವನ್ನು ಎತ್ತಬೇಕು. ಬ್ರೇಕು ಬೇಡ, ಮರಳೇ ವಾಹನವನ್ನು ನಿಲ್ಲಿಸುತ್ತದೆ, ಬ್ರೇಕು ಹಾಕಿದರೆ ಚಕ್ರದ ಮುಂದೆ ಮರಳಿನ ಗುಪ್ಪೆ ಬೆಳೆಯುತ್ತದೆ. ಬಂದ ಜಾಡಿನಲ್ಲೇ ನೇರವಾಗಿ ಹಿಂದಕ್ಕೆ ಸರಿದು, ಗಟ್ಟಿ ನೆಲದ ಮೇಲೆ ನಿಂತು, ಗಾಳಿಯನ್ನು ಇಳಿಸಬೇಕು. ವಾಲ್ವಿನ ಮುಳ್ಳನ್ನು ಒತ್ತಿ ಹಿಡಿದು, ಗಾಳಿ ಬುಸುಗುಟ್ಟುತ್ತ ಹೊರಡುವಾಗ ಟೈರಿನ ಬುಡವನ್ನು ಗಮನಿಸಿದರೆ, ಪಕ್ಕಗಳು ಉಬ್ಬುವುದಕ್ಕಿಂತ ಹೆಚ್ಚಾಗಿ ನೆಲ ತಾಕುವ ಭಾಗವು ಹಿಂದೆ ಮುಂದೆ ನೀಳವಾಗಿ ಚಾಚಿಕೊಳ್ಳುವುದು ಕಾಣುತ್ತದೆ. ಹಿಡಿತ ಒದಗುವುದು ಆ ನೀಳತೆಯಿಂದ. ರಸ್ತೆಯಲ್ಲಿ ಚದರಂಗುಲಕ್ಕೆ 35 ಪೌಂಡು ಗಾಳಿ ಬೇಡುವ ಹಗುರವಾದ ಪಿಕಪ್ ವಾಹನಕ್ಕೆ ಮರಳಿನಲ್ಲಿ 15ರಿಂದ 20 ಸಾಕು. ತೀರ ಕೆಳಗಿಳಿಸಿ ರಭಸದಿಂದ ತಿರುಗಿಸಿದರೆ ಟೈರು ರಿಮ್ಮಿನಿಂದ ಕಳಚಬಹುದು. ಭಾರದ ಲಾರಿಗೆ ಈ ಅಂಕಿ ಅನ್ವಯಿಸದು. ಅದರ ಹೊರೆಗೆ ತಕ್ಕಂತೆ ಇಳಿಸಬೇಕು.

ಮರಳಿ ಏರುವಾಗ ಗೇರನ್ನು ದಿಣ್ಣೆಯ ಬುಡದಲ್ಲೇ ನಿಶ್ಚಯಿಸಿಕೊಳ್ಳಬೇಕು, ಏಕೆಂದರೆ ನಡುದಾರಿಯಲ್ಲಿ ಕ್ಲಚ್ಚು ತುಳಿದರೆ ವೇಗ ಅಲ್ಲೇ ಸತ್ತುಹೋಗುತ್ತದೆ. ಮೊದಲನೆಯ ಗೇರಿನ ಅತಿಯಾದ ತಿರುಚುಬಲವೇ ಅನೇಕ ವೇಳೆ ಕುಪ್ಪಳಿಕೆಗೆ ಪ್ರೇರಕವಾದುದರಿಂದ, ಎರಡನೆಯದರಲ್ಲಿ ಪಾದವನ್ನು ಅಲುಗದಂತೆ ಹಿಡಿದು ಹೋಗುವುದು ಲೇಸು. ಇಷ್ಟಾದರೂ ರೋಗ ಮರುಕಳಿಸಿದರೆ ಸವೆದ ಶಾಕ್ ಅಬ್ಸಾರ್ಬರುಗಳನ್ನು ಬದಲಿಸಿ, ಅಚ್ಚು ಹೊರಳದಂತೆ ಅದನ್ನು ಚಾಸಿಗೆ ಬಂಧಿಸುವ ಸರಳನ್ನು ಮೆಕ್ಯಾನಿಕ್ಕನಿಂದ ಹಾಕಿಸಬೇಕಾಗುತ್ತದೆ.

ಮರಳಿಗೆ ಹೊರಡುವವನ ಬಳಿ ಗಾಳಿಯ ಪಂಪು ಇರಲೇಬೇಕು. ಇಳಿಸಿದ ಗಾಳಿಯಲ್ಲೇ ಡಾಂಬರು ರಸ್ತೆಯಲ್ಲಿ ವೇಗವಾಗಿ ಓಡಿಸಿದರೆ ಟೈರಿನ ಪಕ್ಕಗಳು ಬಾಗಿ ಬಾಗಿ ಕಾದು, ಒಡೆಯುವ ಅಪಾಯವುಂಟು.